ಬೇಲಿಗೂಟ ಕೊಳೆಯೂದು ಕುತ್ತಿಗ್ಯಾಗ

ಹಿತ್ತಲ ಬೇಲಿಯ ಹಳೇ ಗೂಟ ಒಂದು ಕಿತ್ತು ನೋಡ್ರಿ. ಮ್ಯಾಲಿನ ತುದಿ ಬಿಸಿಲಿಗೆ ಬೂದಿ ಬಣ್ಣಕ್ಕ ತಿರುಗಿರ್ತೈತಿ, ಆದ್ರ ಗಟ್ಟಿ ಇರ್ತೈತಿ. ನೆಲದಾಗ ಎರಡು ಫೂಟು ಕೆಳಗಿದ್ದ ಬುಡಾನೂ ಎಷ್ಟೋ ಸಲ ಗಟ್ಟೀನ ಇರ್ತೈತಿ. ಕೈಯಾಗ ಪುಡಿಪುಡಿ ಆಗೂದು ನಡುವಿನ ಒಂದು ಗೇಣು ಮಾತ್ರ, ಗೂಟ ನೆಲದೊಳಗ ಇಳಿಯೂ ಜಾಗ. ನಮ್ಮ ಅತ್ತಿಯವರು ಅದಕ್ಕ ಗೂಟದ ಕುತ್ತಿಗಿ ಅಂತಿದ್ರು.

ಈ ಒಂದು ಗೇಣು ಉಳಿಸಾಕ ಮಂದಿ ಏನೇನು ಮಾಡ್ಯಾರ ಅಂತ ಓದಕೋತ ಹೋದ್ರ ಅದ ಒಂದು ದೊಡ್ಡ ಇತಿಹಾಸ ಆಗ್ತೈತಿ. ಅದರಾಗ ಮೌರ್ಯರ ಕೋಟಿ ಬರ್ತೈತಿ, ರೈಲು ಬರ್ತೈತಿ, ನಮ್ಮ ದೇಶದ ಒಬ್ಬ ಎಂಜಿನಿಯರು ಬರ್ತಾರ, ಕಡೀಕ ನಮ್ಮ ಬಚ್ಚಲ ಒಲಿ, ನಾವು ಭಾಂಡಿ ತಿಕ್ಕೂ ಬೂದಿನೂ ಬರ್ತಾವು. ಅದಕ್ಕ ಇದು ಗಂಡಸರ ಕೆಲಸ ಅಂತ ಬಿಡಬ್ಯಾಡ್ರಿ, ಕಡೀತನಕ ಓದ್ರಿ.

ಮೊದಲ ಕುತ್ತಿಗೀನ ಯಾಕ ಕೊಳೀತೈತಿ ನೋಡೂಣು. ಕಟ್ಟಿಗಿ ತಾನಾಗಿ ಕೊಳಿಯಂಗಿಲ್ಲ. ಅದನ್ನ ತಿನ್ನೂದು ಒಂದು ಜಾತಿ ಬೂಷ್ಟು. ಅದಕ್ಕ ತಿನ್ನಾಕ ಕಟ್ಟಿಗಿ ಬೇಕು, ಕುಡಿಯಾಕ ನೀರು ಬೇಕು, ಉಸಿರಾಡಾಕ ಗಾಳಿ ಬೇಕು, ಮ್ಯಾಲೆ ಸ್ವಲ್ಪ ಬೆಚ್ಚಗಿನ ಹವಾ ಬೇಕು. ಇವುಗಳಾಗ ಒಂದು ತಪ್ಪಿದ್ರೂ ಅದು ಬೆಳಿಯಂಗಿಲ್ಲ. ಇದು ನಮಗ ಹೊಸಾ ಮಾತಲ್ಲ. ಸಂಡಿಗಿ ಕಡಕ್ ಒಣಗಿಸಿ ಡಬ್ಬಿಗೆ ಹಾಕ್ತೀವಿ, ನೀರಿಲ್ಲ ಅಂತ ಬೂಷ್ಟು ಬರಂಗಿಲ್ಲ. ಉಪ್ಪಿನಕಾಯಿ ಮ್ಯಾಲೆ ಎಣ್ಣಿ ನಿಲ್ಲಿಸ್ತೀವಿ, ಗಾಳಿ ತಾಗಂಗಿಲ್ಲ ಅಂತ ಬೂಷ್ಟು ಬರಂಗಿಲ್ಲ. ಗೂಟದ ಮ್ಯಾಲಿನ ಭಾಗ ಸಂಡಿಗಿ ಇದ್ದಂಗ, ಮಳಿಗೆ ತೊಯ್ದ್ರೂ ಬಿಸಿಲಿಗೆ ಒಣಗ್ತೈತಿ. ಕೆಳಗಿನ ಬುಡ ಎಣ್ಣಿ ಕೆಳಗಿನ ಉಪ್ಪಿನಕಾಯಿ ಇದ್ದಂಗ, ಹಸಿ ಇರ್ತೈತಿ, ಆದ್ರ ಗಾಳಿ ಭಾಳ ಕಡಿಮಿ. ಕುತ್ತಿಗಿಗೆ ಮಾತ್ರ ಎರಡೂ ಸಿಗ್ತಾವು, ಮಣ್ಣಿನ ತೇವಾನೂ, ಮ್ಯಾಲಿನ ಗಾಳೀನೂ. ಬೂಷ್ಟಿಗೆ ಅದ ಹಬ್ಬದ ಊಟ. ನಮ್ಮ ಕಡೆ ವರಲಿನೂ ನೆಲದಿಂದ ಮ್ಯಾಲೆ ಬರೂವಾಗ ಮೊದಲ ಮುಟ್ಟೂದು ಅದ ಜಾಗ.

ಇದಕ್ಕ ನಮ್ಮ ದೇಶದಾಗ ದೊಡ್ಡ ಸಾಕ್ಷಿ ಐತಿ. ಕ್ರಿಸ್ತಪೂರ್ವ 300ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕ ಮೆಗಸ್ತನೀಸ ಅನ್ನೂ ಗ್ರೀಕ ರಾಯಭಾರಿ ಬಂದಿದ್ದ. ಅವ ಬರೆದ ಪುಸ್ತಕ ಉಳಿದಿಲ್ಲ, ಅದನ್ನ ಓದಿದ ಮುಂದಿನ ಲೇಖಕರು ಬರದಿಟ್ಟದ್ದು ಉಳದೈತಿ. ರಾಜಧಾನಿ ಪಾಟಲಿಪುತ್ರದ ಸುತ್ತ ಕಟ್ಟಿಗೀ ಕೋಟಿಗೋಡಿ ಇತ್ತಂತ, ಅದಕ್ಕ 570 ಬುರುಜು, 64 ಅಗಸಿ ಇದ್ವಂತ. ಮುಂದ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹೊತ್ತಿನ ಮ್ಯಾಲೆ, 20ನೇ ಶತಮಾನದ ಮೊದಲ ಭಾಗದಾಗ, ಪಟ್ನಾದ ಬುಲಂದೀಬಾಗ್ ಅನ್ನೂ ಜಾಗದಾಗ ಪುರಾತತ್ವದವರು ಅಗದ್ರು. ಕೆಳಗ ಹಸಿ ಮಣ್ಣಾಗ ನೆಟ್ಟಗ ನಿಂತ ದಪ್ಪ ತೊಲಿಗಳ ಎರಡು ಸಾಲು ಸಿಕ್ಕವು. ಬುರುಜು ಹೋಗಿದ್ವು, ಅಗಸಿ ಹೋಗಿದ್ವು, ಗಾಳಿ ಬಿಸಿಲಿಗೆ ಇದ್ದದ್ದೆಲ್ಲಾ ಹೋಗಿತ್ತು. ಗಾಳಿ ಮುಟ್ಟದ ಭಾಗ ಉಳಿದಿತ್ತು. ಇಟಲಿಯ ವೆನಿಸ್ ಊರಿನ ದೊಡ್ಡ ದೊಡ್ಡ ಕಟ್ಟಡಗಳೂ ಹಿಂಗ ನೀರ ಕೆಳಗಿನ ಕೆಸರಿನಾಗ ಹೊಡೆದ ಕಟ್ಟಿಗೀ ಗೂಟಗಳ ಮ್ಯಾಲೆ ನೂರಾರು ವರ್ಷದಿಂದ ನಿಂತಾವು.

ಅದು ರಾಜರ ಮಾತಾತು. ನಮ್ಮಂಥ ಮಂದಿಯ ಬೇಲಿ ಹೆಂಗಿತ್ತು? ಮನುಸ್ಮೃತಿಯ ಎಂಟನೇ ಅಧ್ಯಾಯದಾಗ ಬೇಲಿ ಬಗ್ಗೆ ಒಂದು ನಿಯಮ ಐತಿ. ಒಂಟಿ ಮ್ಯಾಲಿಂದ ಇಣುಕಿ ನೋಡಬಾರದು, ಅಷ್ಟು ಎತ್ತರ ಇರಬೇಕು. ನಾಯಿ, ಹಂದಿ ತಲಿ ತೂರಿಸೂವಂಥ ಕಿಂಡಿ ಇದ್ರ ಮುಚ್ಚಬೇಕು. ಬೇಲಿ ಹಾಕದ ಹೊಲದಾಗ ದನ ಮೇದ್ರ ಕಾಯೂವವಗ ದಂಡ ಇಲ್ಲ. ಅಂದ್ರ ಬೆಳಿ ಕಾಯೂ ಜವಾಬ್ದಾರಿ ಬೇಲಿ ಹಾಕೂವವಂದು. ಬ್ರಿಟಿಷರು 1871ರಾಗ ದನಗಳ ಅತಿಕ್ರಮಣದ ಕಾಯ್ದೆ ತಂದು ಕೊಂಡವಾಡದ ಪದ್ಧತಿ ಬಲಾ ಮಾಡಿದ್ರು. ಹೊಲಕ್ಕ ನುಗ್ಗಿದ ಆಕಳಾ ಎಮ್ಮಿ ಹಿಡದು ಅಲ್ಲಿ ಕೂಡಹಾಕೂದು, ದಂಡಾ ಕಟ್ಟಿ ಬಿಡಿಸ್ಕೊಂಡು ಬರೂದು. ನಮ್ಮ ಕಡೆ ಹಿರ್ಯಾರ ಬಾಯಾಗ ಕೊಂಡವಾಡದ ಕಥಿ ಇನ್ನೂ ಅದಾವು.

ಆವಾಗಿನ ಬೇಲಿ ಅಂದ್ರ ಕಂಟಿ ಬೇಲಿ. ಜಾಲಿ, ಬಾರಿ ಮುಳ್ಳಿನ ಟೊಂಗಿ ಕಡದು, ನಡುನಡುವ ಗೂಟ ನೆಟ್ಟು, ಒತ್ತಿ ಒತ್ತಿ ಕೂಡಸೂದು. ಇಲ್ಲಂದ್ರ ಕಳ್ಳಿ, ಕತ್ತಾಳಿ ಹಚ್ಚೂದು. ಕಂಟಿ ಬೇಲಿಯ ಆಯುಷ್ಯ ಒಂದು ವರ್ಷ, ಹೆಚ್ಚಂದ್ರ ಎರಡು ವರ್ಷ. ಮುಳ್ಳು ಒಣಗಿ ಉದರಿ ಹೋಗೂದರಾಗ ಗೂಟಾನೂ ಹೋಗ್ತಿತ್ತು. ಬ್ಯಾಸಿಗ್ಯಾಗ ಎರಡನ್ನೂ ಕೂಡಿ ಹೊಸಾದು ಮಾಡ್ತಿದ್ರು, ಹಳೇದು ಒಲಿಗೆ ಹೋಗ್ತಿತ್ತು. ಹಂಗಾಗಿ ಗೂಟ ಕೊಳೆಯೂದು ದೊಡ್ಡ ಚಿಂತಿ ಆಗಿರಲಿಲ್ಲ. ಸ್ವಲ್ಪ ಹೆಚ್ಚು ಬಾಳಲಿ ಅನ್ನೂವವರು ಬುಡಾ ಬೆಂಕ್ಯಾಗ ಹಿಡದು ಕರ್ರಗ ಸುಟ್ಟು ನೆಡ್ತಿದ್ರು. ಈ ಉಪಾಯ ಜಗತ್ತಿನ ತುಂಬ ಐತಿ. ಎರಡು ಸಾವಿರ ವರ್ಷದ ಹಿಂದ ರೋಮಿನ ವಿಟ್ರೂವಿಯಸ್ ಅನ್ನೂವವ ಕಟ್ಟಡದ ವಿದ್ಯಾದ ಮ್ಯಾಲೆ ಬರೆದ ಪುಸ್ತಕದಾಗ, ಮೆತ್ತನ್ನ ನೆಲದಾಗ ಪಾಯಾ ಹಾಕೂವಾಗ ಸುಟ್ಟ ಗೂಟ ಹೊಡೀಬೇಕು ಅಂತ ಹೇಳ್ಯಾನ. ಆದ್ರ ಪ್ರಯೋಗಾಲಯದವರು ನೋಡಿದಾಗ ಬರೇ ಸುಡೂದರಿಂದ ಅಷ್ಟೇನು ಲಾಭ ಕಾಣಲಿಲ್ಲ. ಇದ್ದಿಲು ಆದ ಮ್ಯಾಲಿನ ಪದರ ಕೊಳಿಯಂಗಿಲ್ಲ, ಆದ್ರ ಅದು ತೆಳ್ಳಗಿರ್ತೈತಿ, ಬಿರುಕು ಬಿಡ್ತೈತಿ. ಬಿರುಕಿನಾಗ ನೀರು, ನೀರಿನ ಹಿಂದ ಬೂಷ್ಟು ಒಳಗ ಹೋಗ್ತೈತಿ.

ಗೂಟದ ಆಯುಷ್ಯ ನಿಜವಾಗಿ ಚಿಂತಿ ಆದದ್ದು ಮುಳ್ಳುತಂತಿ ಬಂದ ಮ್ಯಾಲೆ. ಅಮೆರಿಕದ ಬಯಲು ಸೀಮ್ಯಾಗ ಕಲ್ಲೂ ಇರಲಿಲ್ಲ, ಕಾಡೂ ಇರಲಿಲ್ಲ. ಅಲ್ಲಿ ರೈತರು ಓಸೇಜ್ ಅನ್ನೂ ಮುಳ್ಳಿನ ಗಿಡ ಒತ್ತೊತ್ತಿ ಹಚ್ಚಿ, ನಮ್ಮ ಕಳ್ಳಿ ಬೇಲಿಯಂಗ ಬೆಳಸ್ತಿದ್ರು. 1874ರ ನವೆಂಬರ್ 24ಕ್ಕ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಅನ್ನೂ ರೈತ ಮುಳ್ಳುತಂತಿಗೆ ಪೇಟೆಂಟ್ ತಗೊಂಡ. ಎರಡು ಎಳಿ ತಂತಿ ಹುರಿ ಮಾಡಿ, ನಡುವ ಮುಳ್ಳು ಜಾರದಂಗ ಸಿಗಸೂ ಉಪಾಯ ಅದು. ಕೆಲವು ವರ್ಷದಾಗ ಆ ತಂತಿ ದೇಶದ ತುಂಬ ಹಬ್ಬಿತು. ಗಮ್ಮತ್ತು ನೋಡ್ರಿ, ಬೇಲಿಯಾಗಿ ನಿಂತಿದ್ದ ಓಸೇಜ್ ಗಿಡಗಳನ್ನ ಕಡದು ತಂತಿಗೆ ಗೂಟಾ ಮಾಡಿದ್ರು, ಯಾಕಂದ್ರ ಆ ಕಟ್ಟಿಗಿ ಮಣ್ಣಾಗ ಲಗೂನ ಕೊಳಿಯಂಗಿಲ್ಲ.

ಇಲ್ಲೆ ಲೆಕ್ಕ ಬದಲಾತು. ಸತುವಿನ ಲೇಪ ಇದ್ದ ತಂತಿ ಹತ್ತಾರು ವರ್ಷ ಬಾಳ್ತೈತಿ. ಅದನ್ನ ಹಿಡಕೊಂಡು ನಿಲ್ಲೂ ಸಾದಾ ಗೂಟ ಐದು ವರ್ಷಕ್ಕ ಕುತ್ತಿಗಿ ಮುರಕೊಂಡು ಬೀಳ್ತೈತಿ. ಕಂಟಿ ಬೇಲ್ಯಾಗ ಗೂಟ, ಮುಳ್ಳು ಕೂಡೇ ಮುದುಕ ಆಗ್ತಿದ್ವು. ತಂತಿ ಬೇಲ್ಯಾಗ ಗೂಟ ಒಂದ ಮೊದಲ ಸಾಯಾಕ ಹತ್ತಿತು.

ಈ ತ್ರಾಸಿಗೆ ಔಷಧ ಅಷ್ಟೊತ್ತಿಗೆ ಹಡಗಿನವರು, ರೈಲಿನವರು ಹುಡಿಕ್ಯಾಡಾಕ ಹತ್ತಿದ್ರು. ಇಂಗ್ಲೆಂಡಿನಾಗ 1832ರಾಗ ಕಯಾನ್ ಅನ್ನೂವವ ಪಾದರಸದ ವಿಷದ ನೀರಿನಾಗ ಕಟ್ಟಿಗಿ ನೆನಿಸೂ ಪದ್ಧತಿಗೆ ಪೇಟೆಂಟ್ ತಗೊಂಡ. 1838ರಾಗ ಜಾನ್ ಬೆಥೆಲ್ ಇನ್ನೊಂದು ದಾರಿ ಮಾಡಿದ. ಕಟ್ಟಿಗಿ ತೊಲಿಗಳನ್ನ ದೊಡ್ಡ ಕಬ್ಬಿಣದ ಟ್ಯಾಂಕಿನಾಗ ತುಂಬಿ, ಬಾಗಲಾ ಬಿಗಿದು, ಒಳಗಿನ ಗಾಳಿ ಎಳದು ತಗದು, ಕಲ್ಲಿದ್ದಲಿ ಡಾಂಬರಿನಿಂದ ಇಳಿಸಿದ ಎಣ್ಣಿ ಬಿಟ್ಟು, ಒತ್ತಡದಿಂದ ಕಟ್ಟಿಗಿಯೊಳಗ ತೂರಿಸೂದು. ಕುಕ್ಕರಿನಾಗ ಬ್ಯಾಳಿಯೊಳಗ ಉಗಿ ಹೊಕ್ಕಂಗ ಅನ್ನಬಹುದು. ಆ ಎಣ್ಣಿಗೆ ಕ್ರಿಯೋಸೋಟ್ ಅಂತಾರ. ಬರೇ ಮ್ಯಾಲೆ ಬಳದ ಡಾಂಬರಕ್ಕೂ ಇದಕ್ಕೂ ಫರಕ್ ಅದ. ಬಳದದ್ದು ಚರ್ಮದಷ್ಟ ನಿಲ್ತೈತಿ, ಒತ್ತಿ ತೂರಿಸಿದ್ದು ಒಳಗ ಇಳೀತೈತಿ. ಅದ ಸುಮಾರಿಗೆ ಫ್ರಾನ್ಸಿನಾಗ ಬೂಶೆರಿ ಅನ್ನೂ ಡಾಕ್ಟರು ಆಗ ಕಡದ ಹಸಿ ಮರದ ಬುಡದಿಂದ ಮೈಲುತುತ್ತದ ನೀರು ಒತ್ತಿ ಬಿಟ್ಟು, ಮರದ ರಸ ಹೊರಗ ದಬ್ಬಿ, ಆ ಜಾಗಕ್ಕ ಮೈಲುತುತ್ತ ತುಂಬಿಸಿದ. ದ್ರಾಕ್ಷಿಗೆ, ಅಡಿಕಿಗೆ ಹೊಡೆಯೂ ಬೋರ್ಡೋ ದ್ರಾವಣದಾಗ ಇರೂದು ಅದ ಮೈಲುತುತ್ತ. ಬೂಷ್ಟಿಗೆ ತಾಮ್ರ ಆಗಂಗಿಲ್ಲ. ಆದ್ರ ಒಂದು ಕೊರತಿ ಇತ್ತು. ನೀರಿನಾಗ ಕರಗಿ ಒಳಗ ಹೋದದ್ದು ಮಳಿ ನೀರಿನಾಗ ಕರಗಿ ಹೊರಗೂ ಬರ್ತಿತ್ತು.

ನಮ್ಮ ದೇಶಕ್ಕ ಈ ಮಾತು ಮುಟ್ಟಿದ್ದು ರೈಲಿನ ಕೂಡ. 1853ರ ಏಪ್ರಿಲ್ 16ಕ್ಕ ಮುಂಬೈಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಹಳಿ ಕೆಳಗ ಅಡ್ಡ ಹಾಕೂ ತೊಲಿ, ಅಂದ್ರ ಸ್ಲೀಪರ್, ಒಂದು ಮೈಲಿಗೆ ಸುಮಾರು 2 ಸಾವಿರ ಬೇಕಾಗ್ತಿದ್ವು. ಸಾಗವಾನಿ, ಸಾಲ, ದೇವದಾರು ಬಿಟ್ರ ಉಳದ ಕಟ್ಟಿಗಿ ಸ್ಲೀಪರ್ ನಮ್ಮ ಮಳಿಗೆ, ವರಲಿಗೆ ಕೆಲವು ವರ್ಷದಾಗ ಹೋಗ್ತಿದ್ವು. ಒಳ್ಳೇ ಮರಕ್ಕಾಗಿ ಕಾಡಿಗೆ ಕಾಡ ಬೋಳಾದ್ವು. ಕ್ರಿಯೋಸೋಟ್ ಕುಡಿಸಿದ ಪೈನ್ ಸ್ಲೀಪರ್ ಹಡಗಿನಾಗ ಹಾಕಿ ಯುರೋಪಿನಿಂದ ತರಸಿದ್ದೂ ಐತಿ. 1864ರಾಗ ಅರಣ್ಯ ಇಲಾಖೆ ಹುಟ್ಟಾಕ ಈ ರೈಲಿನ ಹಸಿವು ಒಂದು ದೊಡ್ಡ ಕಾರಣ. 1906ರಾಗ ಡೆಹ್ರಾಡೂನಿನಾಗ ಅರಣ್ಯ ಸಂಶೋಧನಾ ಸಂಸ್ಥೆ ಸುರು ಆತು. ಅಗ್ಗದ ಕಟ್ಟಿಗಿ ಹೆಚ್ಚು ದಿನ ಬಾಳೂವಂಗ ಮಾಡಿದ್ರ ಸಾಗವಾನಿ, ಸಾಲ ಉಳೀತಾವು ಅನ್ನೂದು ಅಲ್ಲಿಯ ಒಂದು ಮುಖ್ಯ ಕೆಲಸ.

ಆ ಸಂಸ್ಥೆಯವರು ಮಾಡೂ ಒಂದು ಪರೀಕ್ಷಾ ಕೇಳ್ರಿ, ನಮ್ಮ ಬೇಲಿಗೂಟದ್ದ ಅದು. ಬ್ಯಾರೆ ಬ್ಯಾರೆ ಮರದ ತುಂಡು ಸಾಲಾಗಿ ನೆಲದಾಗ ಅರ್ಧ ಹುಗದು ಬಿಡೂದು. ವರಲಿ, ಬೂಷ್ಟು, ಮಳಿ ಏನು ಮಾಡ್ತಾವೋ ಮಾಡಲಿ. ಆಗಾಗ ಕಿತ್ತು ನೋಡೂದು. ನೋಡಾಕ ಸಮಾಧಿ ಸಾಲು ಕಂಡಂಗ ಕಾಣ್ತೈತಿ, ಅದಕ್ಕ ಅವರೂ ಅದನ್ನ ಮಸಣದ ಪರೀಕ್ಷಾ ಅನ್ನೂ ಅರ್ಥದ ಹೆಸರಿಂದ ಕರೀತಾರ. ಸರಾಸರಿ 120 ತಿಂಗಳು ಇಲ್ಲಾ ಅದಕ್ಕಿಂತ ಹೆಚ್ಚು ತಡದ್ರ ಮೊದಲನೇ ದರ್ಜೆ, 60ರಿಂದ 120 ತಿಂಗಳು ಎರಡನೇ ದರ್ಜೆ, 60ಕ್ಕೂ ಕಡಿಮಿ ಆದ್ರ ಮೂರನೇ ದರ್ಜೆ. ಸಾಗವಾನಿ ಮೊದಲನೇದು, ಮಾವು ಮೂರನೇದು. ಆದ್ರ ಈ ದರ್ಜೆ ಎಲ್ಲಾ ಕೆಚ್ಚಿಗೆ ಮಾತ್ರ, ಅಂದ್ರ ಮರದ ನಡುವಿನ ಕಪ್ಪನ್ನ ಗಟ್ಟಿ ಭಾಗಕ್ಕ. ಹೊರಗಿನ ಬಿಳೇ ಭಾಗ ಸಾಗವಾನಿದಿದ್ರೂ ಲಗೂನ ಕೊಳೀತೈತಿ. ಧೈರ್ಯದ ಮನಸಿಗೆ ನಾವು ಕೆಚ್ಚೆದೆ ಅನ್ನೂದು ಸುಮ್ಮನ ಅಲ್ಲ ನೋಡ್ರಿ.

ಈ ಸಂಸ್ಥೆಯಾಗ ಕಟ್ಟಿಗಿ ಸಂರಕ್ಷಣೆಯ ಕೆಲಸ ಮಾಡ್ತಿದ್ದವರು ಸೊಂಠಿ ಕಾಮೇಶಂ ಅನ್ನೂ ತೆಲುಗು ಎಂಜಿನಿಯರು. 1933ರಾಗ ಅವರು ತಾಮ್ರ, ಆರ್ಸೆನಿಕ್, ಕ್ರೋಮಿಯಂ ಈ ಮೂರರ ಉಪ್ಪು ಕೂಡಿಸಿ ಒಂದು ದ್ರಾವಣ ಮಾಡಿದ್ರು. ತಾಮ್ರ ಬೂಷ್ಟು ಕೊಲ್ತೈತಿ. ಆರ್ಸೆನಿಕ್ ವರಲಿ, ಹುಳ ಕೊಲ್ತೈತಿ. ಇವೆರಡೂ ಹಿಂದಿನವರಿಗೂ ಗೊತ್ತಿದ್ವು. ಕಾಮೇಶಂ ಅವರ ಜಾಣತನ ಇದ್ದದ್ದು ಮೂರನೇದರಾಗ. ಕ್ರೋಮಿಯಂ ಕಟ್ಟಿಗಿಯೊಳಗ ಹೋಗಿ ಉಳಿದೆರಡನ್ನೂ ಕಟ್ಟಿಗಿ ನಾರಿಗೆ ಗಂಟು ಹಾಕ್ತೈತಿ. ಸೀರಿಗೆ ಬಣ್ಣಾ ಹಾಕೂವಾಗ ಬಣ್ಣ ಬಿಡಬಾರದು ಅಂತ ಪಟಕ ಹಾಕ್ತಾರಲ್ಲ, ಹಂಗ. ಬೂಶೆರಿಯ ಮೈಲುತುತ್ತ ಮಳಿಗೆ ತೊಳದು ಹೋಗ್ತಿತ್ತು, ಇದು ನಿಂತಿತು. ಅದಕ್ಕ ಆಸ್ಕು ಅಂತ ಹೆಸರಿಟ್ರು, ಮುಂದ ಜಗತ್ತು ಸಿ.ಸಿ.ಎ. ಅಂತ ಕರೀತು. 1934ರಾಗ ಬ್ರಿಟಿಷ್ ಪೇಟೆಂಟ್, 1938ರಾಗ ಅಮೆರಿಕದ ಪೇಟೆಂಟ್ ಸಿಕ್ಕವು. ಅದ 1938ರಾಗ ಮೈಸೂರು ಸಂಸ್ಥಾನದವರು ಬೆಂಗಳೂರಿನ ಮಲ್ಲೇಶ್ವರದಾಗ ಅರಣ್ಯ ಸಂಶೋಧನಾ ಪ್ರಯೋಗಾಲಯ ಸುರು ಮಾಡಿದ್ರು. ಕಟ್ಟಿಗಿ ವಿದ್ಯಾಕ್ಕಾಗಿ ಇರೂ ದೊಡ್ಡ ಸಂಸ್ಥೆ ಈಗ ಅಲ್ಲೆ ಐತಿ.

ಕಾಮೇಶಂ ಅವರ ದ್ರಾವಣ ಜಗತ್ತು ಗೆದ್ದಿತು ಅಂದ್ರ ತಪ್ಪಿಲ್ಲ. ಟೆಲಿಫೋನ್ ಕಂಬ, ಹಡಗುಕಟ್ಟಿ, ನ್ಯೂಜಿಲೆಂಡಿನ ದ್ರಾಕ್ಷಿ ತೋಟದ ಲಕ್ಷಗಟ್ಟಲೆ ಗೂಟ, ಎಲ್ಲಾ ಇದರಿಂದ ನಿಂತವು. ಕೆಲವು ವರ್ಷದಾಗ ಕೊಳೆಯೂ ಮೆತ್ತನ್ನ ಪೈನ್ ಕಟ್ಟಿಗಿ ಇದನ್ನ ಕುಡದು ಮೂವತ್ತು, ನಲವತ್ತು ವರ್ಷ ನೆಲದಾಗ ನಿಲ್ಲಾಕ ಹತ್ತಿತು. ಎಷ್ಟು ಕಾಡು ಉಳದೈತಿ ಲೆಕ್ಕಾ ಹಾಕ್ರಿ. 1970ರಿಂದ ಈಚೆ ಅಮೆರಿಕದಾಗ ಇದ ಕಟ್ಟಿಗಿ ಮನಿ ಅಂಗಳಕ್ಕ ಬಂತು. ಬೇಲಿ, ಕಟ್ಟಿ, ಕೈತೋಟದ ಮಡಿಯ ಅಂಚು, ಹುಡುಗರ ಜೋಕಾಲಿ, ಊಟದ ಮೇಜು ಎಲ್ಲಾ ಅದರದ.

ಆವಾಗ ಬಂತು ಪ್ರಶ್ನೆ. ಆರ್ಸೆನಿಕ್ ಅಂದ್ರ ಏನು? ಹಿಂದಿನವರು ಶಂಖಪಾಷಾಣ ಅಂತಿದ್ದದ್ದು ಅದರದ ಒಂದು ರೂಪ. ಬಹಳ ದಿನ ಸ್ವಲ್ಪ ಸ್ವಲ್ಪ ಹೊಟ್ಟಿಗೆ ಹೋದ್ರ ಕ್ಯಾನ್ಸರ್ ತರೂ ವಿಷ ಅದು. ಕ್ರೋಮಿಯಂ ಹಾಕಿದ ಗಂಟು ಬಿಗಿ ಐತಿ, ಆದ್ರ ಪೂರ್ತಿ ಬಿಗಿ ಅಲ್ಲ. ಮಳಿಗೆ ತೊಯ್ದ ಕಟ್ಟಿಗಿಯಿಂದ ಸ್ವಲ್ಪ ಸ್ವಲ್ಪ ವಿಷ ಇಳದು ಬುಡದ ಮಣ್ಣಿಗೆ ಸೇರ್ತೈತಿ. ಕಂಬಕ್ಕ ಹತ್ತಿದ ಕೆಲವು ಇಂಚಿನ ಮಣ್ಣಾಗ ಹೆಚ್ಚು, ದೂರ ಹೋದಂಗ ಕಡಿಮಿ. ಕಟ್ಟಿಗಿ ಮುಟ್ಟಿ ಆಡಿದ ಹುಡುಗರ ಕೈಗೂ ಹತ್ತತೈತಿ. 2002ರಾಗ ಅಮೆರಿಕದ ಪರಿಸರ ಸಂಸ್ಥೆ ಮತ್ತು ತಯಾರಕರ ನಡುವ ಒಪ್ಪಂದ ಆತು. 2003ರ ಡಿಸೆಂಬರ್ 31ರ ನಂತರ ಮನಿ ಬಳಕಿಯ ಕಟ್ಟಿಗಿಗೆ ಸಿ.ಸಿ.ಎ. ಕುಡಿಸೂದು ನಿಲ್ಲಿಸಿದ್ರು. ಯುರೋಪಿನವರೂ ಕಟ್ಟುನಿಟ್ಟು ಮಾಡಿದ್ರು. ಕರೆಂಟ್ ಕಂಬ, ಹೊಲದ ಗೂಟಕ್ಕ ಎಷ್ಟೋ ದೇಶದಾಗ ಇನ್ನೂ ನಡದೈತಿ. ಮನಿ ಕಟ್ಟಿಗಿಗೆ ಈಗ ಆರ್ಸೆನಿಕ್ ಇಲ್ಲದ, ಬರೇ ತಾಮ್ರದ ಮ್ಯಾಲೆ ನಿಂತ ದ್ರಾವಣ ಬಂದಾವು.

ಬೇಲೀನ ಎದ್ದು ಹೊಲಾ ಮೇದಂಗ ಅಂತ ನಾವು ಗಾದಿ ಹೇಳ್ತೀವಿ. ಈ ಇತಿಹಾಸ ಓದಿದಾಗ ನನಗ ಆ ಗಾದಿ ಬ್ಯಾರೆ ರೀತಿ ಕಂಡಿತು. ಕಾಮೇಶಂ ಅವರನ್ನ ನಾ ದೂರಂಗಿಲ್ಲ. ಕಾಡು ಉಳಿಸಾಕ, ರೈಲು, ಕಂಬ ನಿಲ್ಲಿಸಾಕ ಮಾಡಿದ ಕೆಲಸ ಅದು, ಭಾಳ ದೊಡ್ಡ ಕೆಲಸ. ಕರೆಂಟ್ ಕಂಬದ ಬುಡದಾಗ ಯಾರೂ ಮೆಂತ್ಯ ಬಿತ್ತಂಗಿಲ್ಲ. ಹಿತ್ತಲ ಗೂಟದ ಬುಡದಾಗ ನಾವು ಬಿತ್ತತೀವಿ. ಕಂಬಕ್ಕ ಹೊಂದಿದ ಔಷಧ ಹಿತ್ತಲಕ್ಕ ಹೊಂದೂದಿಲ್ಲ, ಇಷ್ಟ ಮಾತು.

ನಮ್ಮ ಕಡೆಗೆ ಇದು ದೂರದ ಸುದ್ದಿ ಅನ್ನಬ್ಯಾಡ್ರಿ. ಹೋದ ವರ್ಷ ನಮ್ಮ ಓಣ್ಯಾಗ ಒಬ್ಬರು ಹಳೇ ಸಾಮಾನಿನವರ ಕಡೆ ಅಗ್ಗಕ್ಕ ಸಿಕ್ಕವು ಅಂತ ಹಸಿರು ಛಾಯೆ ಇದ್ದ ಹಳೇ ಕಂಬ ಬೇಲಿಗೆ ತಂದ್ರು. ಒಂದೆರಡು ಮುರದಿದ್ವು, ಅವನ್ನ ಬಚ್ಚಲ ಒಲಿಗೆ ಸೀಳಿ ಇಟ್ಟಿದ್ರು. ನಾ ನೋಡಿ ಹೇಳಿದೆ, ವೈನಿ, ಇದನ್ನ ಮಾತ್ರ ಸುಡಬ್ಯಾಡ್ರಿ. ಯಾಕಂದ್ರ ಸಿ.ಸಿ.ಎ. ಕುಡದ ಕಟ್ಟಿಗಿ ಸುಟ್ರ ವಿಷ ಸುಟ್ಟು ಹೋಗಂಗಿಲ್ಲ. ಸ್ವಲ್ಪ ಹೊಗಿಯಾಗ ಹೋಗ್ತೈತಿ, ಉಳದದ್ದು ಬೂದ್ಯಾಗ ಕೂಡ್ತೈತಿ. ಅದೂ ಕಟ್ಟಿಗ್ಯಾಗ ಇದ್ದದ್ದಕ್ಕಿಂತ ಗಟ್ಟಿಯಾಗಿ, ನೀರಿನಾಗ ಸುಲಭ ಕರಗೂವಂಗ. ಆ ಬೂದಿ ನಾವು ಏನು ಮಾಡ್ತೀವಿ? ಭಾಂಡಿ ತಿಕ್ತೀವಿ, ಬದನಿ, ಅವರಿ ಗಿಡಕ್ಕ ಹುಳ ಬೀಳಬಾರದು ಅಂತ ಉಗ್ಗತೀವಿ, ಕಾಳಿಗೆ ಕಲಸಿಡ್ತೀವಿ. ಕಂಬ ಕಾಯೂ ಔಷಧ ಅಡಗಿಮನಿಗೆ ಬರೂ ದಾರಿ ಇದು. ಅದಕ್ಕ ನಾಲ್ಕು ಮಾತು ನೆನಪಿಡ್ರಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹಸಿರು ಛಾಯೆಯ ಕಂಬ, ಡಾಂಬರ ವಾಸನಿಯ ಹಳೇ ಸ್ಲೀಪರ್ ಪಲ್ಲೆ ಮಡಿ ಹತ್ತರ ಹುಗೀಬ್ಯಾಡ್ರಿ. ಮದಲ ಹುಗದಿದ್ರ ಅದರ ಬುಡದಾಗ ಸೊಪ್ಪು, ಗಜ್ಜರಿ, ಮೂಲಂಗಿ ಹಾಕಬ್ಯಾಡ್ರಿ, ಹೂವಿನ ಗಿಡ ಹಚ್ಚಿರಿ. ಕೊರದ ಹೊಟ್ಟು ಗೊಬ್ಬರ ತಿಪ್ಪಿಗೆ ಹಾಕಬ್ಯಾಡ್ರಿ. ಏನ ಆದ್ರೂ ಒಲಿಗೆ ಮಾತ್ರ ಹಾಕಬ್ಯಾಡ್ರಿ. ಕಾಲ ಹೋದಂಗ ಹಸಿರು ಮಾಸಿ ಬೂದಿ ಬಣ್ಣ ಆಗ್ತೈತಿ, ಆದ್ರ ವಿಷ ಒಳಗ ಇದ್ದ ಇರ್ತೈತಿ.

ಹಂಗಾರ ವಿಷ ಇಲ್ಲದ ಗೂಟ ಗಟ್ಟಿ ನಿಲ್ಲಿಸೂದು ಹೆಂಗ? ಇಡೀ ಇತಿಹಾಸ ಹೇಳೂದು ಒಂದ ಮಾತು, ಕುತ್ತಿಗಿ ಒಣಾ ಇಡ್ರಿ. ಬೂಷ್ಟಿಗೆ ಬೇಕಾದ ನಾಲ್ಕರಾಗ ಗಾಳಿ, ಹವಾ, ಕಟ್ಟಿಗಿ ನಮ್ಮ ಕೈಯಾಗ ಇಲ್ಲ. ನೀರು ಮಾತ್ರ ನಮ್ಮ ಕೈಯಾಗ ಐತಿ.

ಕೆಚ್ಚು ಹೆಚ್ಚಿದ್ದ ಕಟ್ಟಿಗಿ ಆರಿಸ್ರಿ, ತೊಗಟಿ ಪೂರ್ತಿ ಸುಲೀರಿ, ತೊಗಟಿ ಕೆಳಗ ನೀರು, ಹುಳ ಎರಡೂ ಕೂಡ್ತಾವು. ಹಸಿ ಗೂಟ ನೆಡಬ್ಯಾಡ್ರಿ, ನೆರಳಾಗ ಒಣಗಲಿ. ಗೂಟದ ಒಟ್ಟು ಉದ್ದದಾಗ ಮೂರರಾಗ ಒಂದು ಪಾಲು ನೆಲದೊಳಗ ಹೋಗಬೇಕು. ಆರು ಫೂಟಿನ ಗೂಟ ಆದ್ರ ಎರಡು ಫೂಟು ಕೆಳಗ. ಮೂಲಿಯ ಗೂಟ, ಬಾಗಲದ ಗೂಟ ಇನ್ನೂ ದಪ್ಪ, ಇನ್ನೂ ಆಳ, ಯಾಕಂದ್ರ ತಂತಿ ಎಳೆಯೂದೆಲ್ಲಾ ಅವುಗಳ ಮ್ಯಾಲೆ. ಅವಕ್ಕ ಒಳಗಿನ ಕಡೆಯಿಂದ ಓರಿ ಆಸರಿ ಕಟ್ಟಿಗಿ ಕೊಡ್ರಿ.

ತಗ್ಗು ಹಾರಿಯಿಂದ ತೋಡ್ರಿ, ಅಗಲ ಮಾಡಬ್ಯಾಡ್ರಿ. ತಳದಾಗ ಒಂದು ಬೊಗಸಿ ದಪ್ಪ ಗರಸು ಇಲ್ಲಾ ಹಳ್ಳು ಹಾಕ್ರಿ, ಬುಡದ ನೀರು ಕೆಳಗ ಇಳೀಲಿ. ಗೂಟ ನಿಲ್ಲಿಸಿ ಸುತ್ತ ಮಣ್ಣು, ಸಣ್ಣ ಕಲ್ಲು ನಾಲ್ಕು ಬೆರಳಷ್ಟು ಹಾಕಿ ಒನಕಿ ತುದಿಯಿಂದ ಗುದ್ದ್ರಿ. ಮತ್ತ ನಾಲ್ಕು ಬೆರಳು, ಮತ್ತ ಗುದ್ದು. ಮಣ್ಣೆಲ್ಲಾ ಒಮ್ಮಿಗೆ ತುಂಬಿ ಮ್ಯಾಲೆ ಕಾಲಿಲೆ ತುಳದ್ರ ಮ್ಯಾಲಿನ ಗೇಣು ಮಾತ್ರ ಗಟ್ಟಿ ಆಗ್ತೈತಿ, ಕೆಳಗ ಪೊಳ್ಳು ಉಳೀತೈತಿ. ಪೊಳ್ಳಿನಾಗ ನೀರು ನಿಲ್ತೈತಿ, ಗೂಟ ಅಳ್ಳಾಡ್ತೈತಿ, ಅಳ್ಳಾಡಿದಷ್ಟು ತಗ್ಗು ಅಗಲ ಆಗ್ತೈತಿ. ಕಡೀಕ ಬುಡದ ಸುತ್ತ ಮಣ್ಣು ಗುಡ್ಡಿ ಏರಿಸಿ, ನೀರು ಹೊರಗ ಹರಿಯೂವಂಗ ಇಳುಕಲು ಮಾಡ್ರಿ. ಗೂಟದ ತುದೀನೂ ಓರಿಯಾಗಿ ಕೊಯ್ರಿ, ಮಳಿ ನಿಲ್ಲಬಾರದು.

ಈಗ ಎಲ್ಲಾರೂ ಸಿಮೆಂಟ್ ಹಾಕ್ತಾರ. ಹಾಕ್ರಿ, ಆದ್ರ ಗೂಟದ ಕೆಳಗೂ ಸುತ್ತಲೂ ಕೂಡಿ ಹಾಕಿದ್ರ ಅದು ಲೋಟಾ ಆಗ್ತೈತಿ. ಕಟ್ಟಿಗಿ ಒಣಗಿ ಕುಗ್ಗಿದಾಗ ನಡುವ ಸಂದು ಬಿಡ್ತೈತಿ, ಮಳಿ ನೀರು ಒಳಗ ಇಳದು ಅಲ್ಲೆ ನಿಲ್ತೈತಿ. ಅದಕ್ಕ ಬುಡದ ಕೆಳಗ ಸಿಮೆಂಟ್ ಬ್ಯಾಡ, ಗರಸು ಇರಲಿ. ಸುತ್ತಿನ ಸಿಮೆಂಟ್ ನೆಲಕ್ಕಿಂತ ಸ್ವಲ್ಪ ಮ್ಯಾಲೆ ಬಂದು ಹೊರಗ ಇಳುಕಲು ಆಗಿರಲಿ. ಇನ್ನೊಂದು ಮಾತು ನಮ್ಮ ಕೈಯಾಗ ದಿನಾ ಇರೂದು. ಹೀರಿ, ಅವರಿ ಬಳ್ಳಿ ಬೇಲಿಗೆ ಹಬ್ಬಸ್ತೀವಿ, ಬುಡಕ್ಕ ದಿನಾ ನೀರು ಹಾಕ್ತೀವಿ. ಬಳ್ಳಿಯ ಪಾತಿ ಗೂಟದಿಂದ ಒಂದೂವರಿ ಫೂಟು ದೂರ ಇರಲಿ. ಗೊಬ್ಬರ, ಒಣ ತಪ್ಪಲ ಗೂಟಕ್ಕ ಒತ್ತಿ ಗುಡ್ಡಿ ಹಾಕಬ್ಯಾಡ್ರಿ.

ಇದಷ್ಟೂ ಮಾಡಾಕ ಆಗಂಗಿಲ್ಲ ಅನ್ನೂವವರಿಗೆ ಎಲ್ಲಕ್ಕಿಂತ ಹಳೇ ಉಪಾಯ ಐತಿ, ಜೀವ ಇದ್ದ ಗೂಟ. ಹಾಲವಾಣ, ನುಗ್ಗಿ, ಗೊಬ್ಬರದ ಗಿಡ ಇವುಗಳ ಬಲಿತ ಟೊಂಗಿ ಮಳಿಗಾಲದ ಮೊದಲ ನೆಟ್ರ ಬೇರು ಬಿಡ್ತಾವು. ಆದ್ರ ಮರದಾಗ ಇದ್ದ ಹಂಗ ಬುಡ ಕೆಳಗ, ತುದಿ ಮ್ಯಾಲೆ ಇರಬೇಕು. ಗೊಬ್ಬರದ ಗಿಡ ಮೆಕ್ಸಿಕೊ, ಮಧ್ಯ ಅಮೆರಿಕದ್ದು. ಅಲ್ಲೆ ಕೊಕೋ ಗಿಡಕ್ಕ ನೆರಳು ಮಾಡಾಕ, ಬೇಲಿಗೆ ಹಚ್ತಿದ್ರು. ಅದರ ಲ್ಯಾಟಿನ್ ಹೆಸರು ಗ್ಲಿರಿಸಿಡಿಯಾ, ಅಂದ್ರ ಇಲಿ ಕೊಲ್ಲೂದು ಅಂತ ಅರ್ಥ, ಅದರ ಬೀಜ, ತೊಗಟಿ ಇಲಿಗೆ ವಿಷ. ತಪ್ಪಲ ಒಳ್ಳೇ ಹಸಿರು ಗೊಬ್ಬರ. ಸತ್ತ ಕಟ್ಟಿಗಿ ಬೂಷ್ಟಿಗೆ ಊಟ, ಜೀವ ಇದ್ದ ಮರ ತನ್ನ ಕುತ್ತಿಗಿ ತಾನ ಕಾಯ್ಕೋತೈತಿ. ಬಯಲುಸೀಮ್ಯಾಗ ಕಲ್ಲಿನ ಕಂಬ ನಿಲ್ಲಿಸಿದವರೂ ಜಾಣರ, ಕಲ್ಲಿಗೆ ಬೂಷ್ಟೂ ಇಲ್ಲ, ವರಲೀನೂ ಇಲ್ಲ.

ನಿಮ್ಮ ತವರುಮನಿ ಹಿತ್ತಲದಾಗ ಬೇಲಿಗೆ ಯಾವ ಕಟ್ಟಿಗಿ ಹಾಕ್ತಿದ್ರು, ಎಷ್ಟು ವರ್ಷ ಬಾಳ್ತಿತ್ತು ಅಂತ ಹಿರ್ಯಾರನ್ನ ಕೇಳಿ ತಿಳಸ್ರಿ. ಅವರೂ ಒಂದು ಮಸಣದ ಪರೀಕ್ಷಾ ಮಾಡಿದವರ, ಬರದಿಟ್ಟಿಲ್ಲ ಅಷ್ಟ.